ಅಂಗೈ ಮೇಲೆ ಒಂದು ತೊಟ್ಟು ಸಾರು

ಪೀಂ.

ಆ ವರ್ಷದಿಂದ ನನ್ನ ಕಿವಿಯಲ್ಲಿ ಉಳಿದಿರುವ ಸದ್ದು ಇದೊಂದೇ. ಆಸ್ಪತ್ರೆಯ ಮೆಶೀನುಗಳೆಲ್ಲ ಮರೆತುಹೋದವು. ಇದು ಪುಸ್ತಕದಷ್ಟಗಲದ ಒಂದು ಬಿಳಿ ತಕ್ಕಡಿಯ ಕೂಗು. ನಾನು ತಿಂದು ಬಿಟ್ಟ ತಟ್ಟೆಯನ್ನು ಅದರ ಮೇಲಿಟ್ಟರೆ ಒಂದು ಗಳಿಗೆ ಯೋಚನೆ ಮಾಡಿ, ಪೀಂ ಅಂದು, ನಂಬರ್ ತೋರಿಸುತ್ತಿತ್ತು. ನಮ್ಮ ಕಾಲದ ತಕ್ಕಡಿಗಳು ಸುಮ್ಮನೆ ತೂಗುತ್ತಿದ್ದವು, ಚಾಡಿ ಹೇಳುತ್ತಿರಲಿಲ್ಲ.

ಅದನ್ನು ತರುತ್ತಿದ್ದವಳು ರುಬೀನಾ. ಶ್ರೀರಂಗಪಟ್ಟಣದ ಹುಡುಗಿ, ಮೈಸೂರಿನಲ್ಲಿ ನನಗೆ ಆಪರೇಶನ್ ಆದ ಆಸ್ಪತ್ರೆಯಲ್ಲಿ ಡಯಟೀಶಿಯನ್. ತೂಕ ಇಳಿಸಲು ಹೊಟ್ಟೆಯ ಆಪರೇಶನ್ ಮಾಡಿಸಿಕೊಂಡವರ ನಾಲಿಗೆಯೂ ಬದಲಾಗುತ್ತದೆಯೇ, ಮೊದಲು ಪ್ರಾಣವಾಗಿದ್ದ ತಿಂಡಿ ಆಮೇಲೆ ಬೇಡವಾಗುತ್ತದೆಯೇ ಅನ್ನುವುದನ್ನು ಅಳೆಯುವುದು ಅವಳ ಕೆಲಸ. ಆಪರೇಶನ್ನಿಗೆ ಮೊದಲು ಒಂದು ಸಲ, ಆರು ತಿಂಗಳಿಗೆ ಒಂದು ಸಲ, ವರ್ಷಕ್ಕೆ ಒಂದು ಸಲ. ಅಷ್ಟು ಸಿಂಪಲ್. ಆದರೆ ನಾನು ಯಾವುದನ್ನೂ ಅಷ್ಟು ಸಿಂಪಲ್ ಆಗಿ ನಂಬುವವಳಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಪಾಂಡವಪುರಕ್ಕೆ ಸೊಸೆಯಾಗಿ ಬಂದು, ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು. ಅರವತ್ತಾರನೆಯ ವಯಸ್ಸಿಗೆ ನನ್ನ ತೂಕ ನೂರನ್ನು ದಾಟಿತ್ತು, ಶುಗರ್ ಇತ್ತು, ಎರಡು ಮಂಡಿಯೂ ಹೋಗಿದ್ದವು. ಮಂಡಿ ಡಾಕ್ಟರು, "ಮೊದಲು ತೂಕ ಇಳಿಸಿಕೊಂಡು ಬನ್ನಿ ಮೇಡಂ" ಅಂತ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಇವರಿಬ್ಬರೂ ಒಂದೇ ಬಿಲ್ಡಿಂಗಿನಲ್ಲಿ ಕೂರುತ್ತಾರೆ ಅನ್ನುವುದನ್ನು ನಾನು ಗಮನಿಸಿದೆ.

ಆ ಎರಡನೆಯ ಡಾಕ್ಟರ ವೇಟಿಂಗ್ ರೂಮಿನಲ್ಲಿ ಕುರ್ಚಿಗಳೆಲ್ಲ ಅಗಲ, ಯಾವುದಕ್ಕೂ ಕೈಯಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಒಂದು ಕುರ್ಚಿಯಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲದೆ ಕೂತೆ. ಅದು ದಯೆ ಅಂತ ಇವತ್ತು ಗೊತ್ತಾಗುತ್ತದೆ. ಆವತ್ತು, ಇಷ್ಟು ಒಳ್ಳೆಯ ಕುರ್ಚಿ ಕೊಡುವವರು ಏನನ್ನು ಕಿತ್ತುಕೊಳ್ಳುತ್ತಾರೋ ಅನ್ನಿಸಿತ್ತು. ಪಕ್ಕದಲ್ಲಿ ಕೆ.ಆರ್. ಪೇಟೆಯ ಕಡೆಯ ಒಬ್ಬ ಹೆಂಗಸು, ಆಪರೇಶನ್ ಆಗಿ ವರ್ಷವಾಗಿತ್ತಂತೆ.

"ನಂಗೆ ಆಪ್ರೇಸನ್ ಆದ್ಮೇಕೆ ಕಾಫಿ ಸೇರಾಕಿಲ್ಲ ಕಣಮ್ಮ," ಅಂದಳು ಆಕೆ. "ಲೋಟ ಮೂಗಿನ್ ತಾವ್ ತಂದ್ರೆ ಒಟ್ಟೆ ತೊಳಸ್ತದೆ. ಮೂವತ್ತು ವರ್ಸ ಬಾಳಾಟ ಮಾಡಿದ್ ಗಂಡ ಬುಟ್ಟೋದಂಗಾಯ್ತು."

"ಬೇಜಾರಾಗಲ್ವಾ?"

"ಗಂಡ ಬುಟ್ಟೋಗಿದ್ರೆ ಇಷ್ಟು ಬ್ಯಾಸರ ಆಗ್ತಿರ್ನಿಲ್ಲ ಬುಡಿ," ಅಂದು ನಕ್ಕಳು.

ನಾನೂ ನಕ್ಕೆ, ಆದರೆ ನಂಬಲಿಲ್ಲ. ಆಸ್ಪತ್ರೆಯವರೇ ಕೂರಿಸಿರುವ ಹೆಂಗಸಿರಬೇಕು ಅಂದುಕೊಂಡೆ. ಅಡ್ವರ್ಟೈಸ್ಮೆಂಟ್.

ಇಂಗ್ಲಿಷ್ ಬರುವುದಕ್ಕೆ ಒಂದು ಶಿಕ್ಷೆಯಿದೆ. ಕನ್ಸೆಂಟ್ ಫಾರಂ ಅರ್ಥವಾಗುತ್ತದೆ. ಉಳಿದವರು ನೀಟಾಗಿ ಸೈನ್ ಹಾಕಿ ಎದ್ದು ಹೋದರು, ನಾನು ಮಾತ್ರ ಪ್ರತಿ ಸಾಲನ್ನೂ ಓದಿ ಬೆವೆತೆ. ಆಪರೇಶನ್ ಆದ ದಿನ ನೀರು ಕುಡಿಯಬಾರದು ಅಂದಿದ್ದಾಗ, ಒಬ್ಬ ನರ್ಸಮ್ಮ ಯಾರೂ ಹೇಳದೆಯೇ ಒದ್ದೆ ಬಟ್ಟೆಯಿಂದ ನನ್ನ ತುಟಿ ಒರೆಸಿದಳು. ಫಾರಮ್ಮಿನಲ್ಲಿ ಎಲ್ಲಿಯೂ ಅದನ್ನು ಬರೆದಿರಲಿಲ್ಲ.

ಊರಿನಲ್ಲಿ ನಾನು ಹೇಳಿದ್ದು ಹರ್ನಿಯಾ ಅಂತ. ತಿನ್ನುವುದನ್ನು ತಡೆಯಲಾರದೆ ಹೊಟ್ಟೆ ಕೊಯ್ಸಿಕೊಂಡಳು ಅನ್ನಿಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ನಿಜ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮೆಜಮಾನರ ಅಣ್ಣನ ಹೆಂಡತಿ, ಪುಟ್ಟಲಕ್ಷ್ಮಮ್ಮ. ಚಿನಕುರಳಿಯವಳು. ಗಂಡಂದಿರು ಹೋದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಅವಳು ದಿನಾ ಒಂಬತ್ತು ಕ್ಯಾರಿಯರ್ ಊಟ ಕಟ್ಟುತ್ತಿದ್ದಳು. ಬ್ಯಾಂಕಿನವರಿಗೆ, ಕಾಲೇಜಿನ ಮೇಷ್ಟರಿಗೆ, ಸ್ಟೇಷನ್ನಿನವರಿಗೆ. ಹನ್ನೆರಡು ಗಂಟೆಗೆ ಆಟೋ ಬಂದು ಒಯ್ಯುತ್ತಿತ್ತು. ಅವಳ ಬಸ್ಸಾರು, ಉಪ್ಸಾರು ಅಂದರೆ ಪಾಂಡವಪುರದಲ್ಲಿ ಒಂದು ಮರ್ಯಾದೆ ಇತ್ತು. ನನ್ನನ್ನು ಅವಳು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. "ಏ ಕಾನ್ವೆಂಟು" ಅಂತಲೇ.

ಆಪರೇಶನ್ ವಿಷಯ ಕೇಳಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ತಿನ್ನಾದು ಬುಟ್ರೆ ಆಯ್ತದೆ. ಒಟ್ಟೆ ಯಾಕ್ ಕುಯ್ಸ್ಕಬೇಕು?"

"ಬಿಡೋಕಾಗಲ್ಲ ಅಕ್ಕ, ಅದಕ್ಕೇ."

"ನನ್ ಕೈ ಅಡ್ಗೆ ತಿಂದೇ ಇಂಗಾದೆ ಅಂತ ಮೈಸೂರ್ಗಂಟ ಓಗಿ ಏಳ್ದಂಗಾಯ್ತದೆ ಕಣವ್ವ."

ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ಇವಳಿಗೆ ಕೋಪ ಬಂದಿದೆ, ಇವಳು ಇದನ್ನು ಹೀಗೇ ಬಿಡುವವಳಲ್ಲ ಅಂದುಕೊಂಡೆ.

ಇನ್ನು ಆ ಮೊದಲನೆಯ ಅಳತೆ. ಆಪರೇಶನ್ನಿಗೆ ವಾರವಿದ್ದಾಗ ರುಬೀನಾ ನನ್ನನ್ನು ಒಂದು ರೂಮಿನಲ್ಲಿ ಕೂರಿಸಿ ಟ್ಯಾಬ್ ಕೊಟ್ಟಳು. ಎರಡೆರಡು ಚಿತ್ರ ಬರುತ್ತವೆ, ಈ ಕ್ಷಣ ಯಾವುದು ಬೇಕೋ ಅದನ್ನು ಒತ್ತಬೇಕು. ಮೈಸೂರು ಪಾಕೋ, ಸೌತೆಕಾಯಿಯೋ. ಬೋಂಡವೋ, ಕಿತ್ತಳೆಯೋ.

"ಬೇಗ ಒತ್ತಿ ಆಂಟಿ, ಜಾಸ್ತಿ ಯೋಚನೆ ಮಾಡಬೇಡಿ," ಅಂದಳು.

ಯೋಚನೆ ಮಾಡಬೇಡಿ ಅಂದವರ ಮುಂದೆ ನಾನು ಹೆಚ್ಚು ಯೋಚನೆ ಮಾಡುತ್ತೇನೆ. ಇದು ಪರೀಕ್ಷೆ. ಸಿಹಿ ಒತ್ತಿದರೆ, ಇವಳಿಗೆ ಕಂಟ್ರೋಲ್ ಇಲ್ಲ, ಆಪರೇಶನ್ ದಂಡ ಅಂತ ಬರೆದುಬಿಡುತ್ತಾರೆ. ಪ್ರತಿ ಸಲವೂ ಸೌತೆಕಾಯಿಯನ್ನೇ ಒತ್ತಿದೆ. ಆಮೇಲೆ ಐದು ಪುಟ್ಟ ಕಪ್ಪುಗಳಲ್ಲಿ ಸಕ್ಕರೆ ನೀರು, ಒಂದಕ್ಕಿಂತ ಒಂದು ಸಿಹಿ. ಒಂದೊಂದಕ್ಕೂ ಪೇಪರಿನಲ್ಲಿ ಒಂದು ಗೆರೆ. ಗೆರೆಯ ಈ ತುದಿ 'ಸ್ವಲ್ಪವೂ ಇಷ್ಟವಿಲ್ಲ', ಆ ತುದಿ 'ತುಂಬಾ ಇಷ್ಟ'. ಎಷ್ಟು ಇಷ್ಟವೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಐದನೆಯ ಕಪ್ಪು ಗಂಟಲಿಗಿಳಿದಾಗ ನನ್ನ ಒಡಲೆಲ್ಲ ಇನ್ನೊಂದು ಕೇಳಿತು. ಗುರುತು ಮಾತ್ರ 'ಇಷ್ಟವಿಲ್ಲ'ದ ಪಕ್ಕ ಹಾಕಿದೆ. ಕಾನ್ವೆಂಟಿನ ನಮ್ಮ ಸಿಸ್ಟರ್ ಇದ್ದಿದ್ದರೆ ಮಂಡಿಯೂರಿ ನಿಲ್ಲಿಸುತ್ತಿದ್ದರು. ಉಪ್ಪು ನೀರಿನ ಐದು ಕಪ್ಪುಗಳಿಗೆ ಮಾತ್ರ ಸತ್ಯ ಹೇಳಿದೆ. ಉಪ್ಪು ಇಷ್ಟವೆಂದರೆ ಯಾರೂ ನಗುವುದಿಲ್ಲವಲ್ಲ.

ಕೊನೆಯಲ್ಲಿ ಒಂದು ತಟ್ಟೆಯ ತುಂಬ ತಿಂಡಿ ಇಟ್ಟು, "ಬೇಕಾದ್ದು ಬೇಕಾದಷ್ಟು ತಗೊಳ್ಳಿ," ಅಂತ ಹೇಳಿ ಹೊರಗೆ ಹೋದಳು. ಯಾರೂ ಇಲ್ಲ. ತಟ್ಟೆಯಲ್ಲಿ ಮೈಸೂರು ಪಾಕ್ ಇತ್ತು. ಅವಳು ವಾಪಸ್ ಬಂದು ತಟ್ಟೆಯನ್ನು ಆ ಬಿಳಿ ತಕ್ಕಡಿಯ ಮೇಲಿಟ್ಟಾಗಲೇ ಮೊದಲ ಸಲ ಆ 'ಪೀಂ' ಕೇಳಿದ್ದು. ಅವಳು ನಂಬರ್ ಬರೆದುಕೊಂಡಳು.

ಆಪರೇಶನ್ ಆಯಿತು. ಮೊದಲು ಬರೀ ನೀರು, ಆಮೇಲೆ ತಿಳಿ, ಆಮೇಲೆ ಚಮಚದಲ್ಲಿ ಗಂಜಿ. ಮುದ್ದೆ ಮುರಿದು ನುಂಗಿದ ಗಂಟಲು ನಾಲ್ಕು ಚಮಚ ಅಂಬಲಿಗೆ ಸಾಕು ಅನ್ನುತ್ತಿತ್ತು. ತೂಕ ಇಳಿಯುತ್ತಿತ್ತು. ಸಂತೋಷವಾಗಬೇಕಿತ್ತು, ಆದರೆ ಭಯವಾಗುತ್ತಿತ್ತು. ಬಳೆ ಮೊಳಕೈವರೆಗೂ ಜಾರುತ್ತಿತ್ತು. ಇದು ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅಕ್ಕ ಮತ್ತೆ ಅಡುಗೆಮನೆಯಿಂದ ಕೂಗಿದಳು: "ಏ ಕಾನ್ವೆಂಟು, ಉಪ್ಪು ನೋಡ್ ಬಾ."

ನಮ್ಮ ಮನೆಯ ಈ ಪದ್ಧತಿಯನ್ನು ಹೇಳಬೇಕು. ಇಬ್ಬರಿಗೂ ಕೊರೊನಾ ಜ್ವರ ಬಂದು ನಾವು ಬದುಕಿ ಉಳಿದ ಮೇಲೆ ಅಕ್ಕ ಒಂದು ಹರಕೆ ಹೊತ್ತಿದ್ದಳು. ಒಲೆಯ ಮೇಲಿನದ್ದನ್ನು ಬೇರೆಯವರು ಉಣ್ಣುವ ತನಕ ತಾನು ಬಾಯಿಗೆ ಹಾಕುವುದಿಲ್ಲ ಅಂತ. ಹಾಗಾಗಿ ಉಪ್ಪು ನೋಡುವ ಕೆಲಸ ನನ್ನದಾಗಿತ್ತು. ಸೌಟಿನಿಂದ ಒಂದು ತೊಟ್ಟು ಸಾರನ್ನು ನನ್ನ ಅಂಗೈಗೆ ಬಿಡುತ್ತಿದ್ದಳು, ನಾನು ನೆಕ್ಕಿ ತೀರ್ಪು ಹೇಳುತ್ತಿದ್ದೆ. ಅವಳ ಆ ಹರಕೆಯ ಮೇಲೂ ನನಗೆ ಅನುಮಾನವಿತ್ತು. ಯಾವ ದೇವರಿಗೆ ಅಂತ ಕೇಳಿದರೆ ಒಂದು ಸಲ ತೊಣ್ಣೂರಿನ ಸ್ವಾಮಿಗೆ ಅನ್ನುತ್ತಿದ್ದಳು, ಇನ್ನೊಂದು ಸಲ ಮನೆದೇವರಿಗೆ.

ಆವತ್ತು ಅಂಗೈ ಮೇಲೆ ಬಿದ್ದದ್ದು ಉಪ್ಸಾರು. ನಾಲಿಗೆಗೆ ತಾಗಿದ್ದೇ ತಡ, ಉಪ್ಪಿನ ಹರಳು ಕಚ್ಚಿದ ಹಾಗಾಯಿತು.

"ಏನಕ್ಕ ಇದು! ಸಮುದ್ರ!"

"ಯಾವತ್ತಿನ್ ಅಷ್ಟೇ ಆಕಿವ್ನಿ."

"ಅಷ್ಟೇ ಅಂತೆ. ಕಮ್ಮಿ ಮಾಡು."

ಕಮ್ಮಿ ಮಾಡಿದಳು. ಮಾರನೆಯ ದಿನವೂ ಜಾಸ್ತಿ ಅನ್ನಿಸಿತು, ಇನ್ನೂ ಕಮ್ಮಿ ಮಾಡಿಸಿದೆ. ಯುಗಾದಿಗೆ ಒಬ್ಬಟ್ಟಿನ ಹೂರಣ ಕೊಟ್ಟಳು, ಬೆಲ್ಲ ಗಂಟಲನ್ನು ಹಿಡಿದುಕೊಂಡಿತು, ಓಡಿಹೋಗಿ ಉಗಿದೆ. ಉಗಿದು ಬಂದಾಗ ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆಗ ನನಗೆ ಖಾತ್ರಿಯಾಯಿತು. ಬೇಕಂತಲೇ ಮಾಡುತ್ತಿದ್ದಾಳೆ. ನನ್ನ ಕೈ ಅಡುಗೆಯನ್ನು ಮೈಸೂರಿಗೆ ಹೋಗಿ ದೂರಿದೆಯಲ್ಲ, ತಗೋ ತಿನ್ನು ಅಂತ. ಅನುಮಾನ ಒಂದು ಸಲ ಒಳಗೆ ಬಂದರೆ ಪಾತ್ರೆಯ ಸದ್ದಿನಲ್ಲೂ ಅರ್ಥ ಹುಡುಕುತ್ತದೆ. ನಾನು ಊಟವನ್ನೇ ಬಿಡುತ್ತಾ ಬಂದೆ.

ಅಷ್ಟರಲ್ಲಿ ಕ್ಯಾರಿಯರುಗಳು ಅರ್ಧರ್ಧ ವಾಪಸ್ ಬರತೊಡಗಿದವು. ಬ್ಯಾಂಕಿನವರೊಬ್ಬರು ಫೋನಿನಲ್ಲಿ, "ಅಮ್ಮಾ, ಬೀಪಿ ಬಂದಿರೋದು ನಿಮಗೋ ನಮಗೋ?" ಅಂತ ಕೇಳಿದರು. ಒಂಬತ್ತು ಇದ್ದದ್ದು ಏಳಾಯಿತು, ಆರಾಯಿತು. ಅಕ್ಕ ಉಳಿದ ಸಾರನ್ನು ಚೆಲ್ಲಿ, ಡಬ್ಬಿ ತೊಳೆದು ಬೋರಲು ಹಾಕುತ್ತಿದ್ದಳು. ಅವಳಿಗೆ ಆ ಕ್ಯಾರಿಯರುಗಳೇ ಎಲ್ಲ. ಅವು ಹೋದರೆ ಪುಟ್ಟಲಕ್ಷ್ಮಮ್ಮ ಅಂತ ಊರು ಯಾಕೆ ನೆನೆಸಿಕೊಳ್ಳಬೇಕು? ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಅಂದುಬಿಟ್ಟೆ:

"ನಿನ್ನ ಕೈ ಕೆಟ್ಟುಹೋಗಿದೆ ಅಕ್ಕ. ವಯಸ್ಸಾಯ್ತು, ನಿಲ್ಲಿಸಿಬಿಡು."

ಅವಳು ಡಬ್ಬಿ ತೊಳೆಯುವುದನ್ನು ನಿಲ್ಲಿಸಿದಳು. ಆಮೇಲೆ ಮತ್ತೆ ತೊಳೆದಳು, ತೊಳೆದದ್ದನ್ನೇ.

ಅದಾದ ಒಂದು ವಾರಕ್ಕೆ ನಾನು ಕಣ್ಣಾರೆ ಕಂಡೆ. ಉಪ್ಪು ನೋಡಿ, ಸರಿ ಅಂತ ಹೇಳಿ, ಹಾಲಿಗೆ ಬಂದವಳು ಕನ್ನಡಕ ಮರೆತು ವಾಪಸ್ ಹೋದೆ. ಅಕ್ಕ ಬಾಗಿಲಿಗೆ ಬೆನ್ನು ಮಾಡಿ, ಉಪ್ಪಿನ ಭರಣಿಗೆ ಕೈ ಹಾಕಿ, ಒಂದು ಹಿಡಿ ಉಪ್ಪನ್ನು ಸಾರಿಗೆ ಬಿಟ್ಟು, ಅತ್ತ ಇತ್ತ ನೋಡಿ ತಿರುವುತ್ತಿದ್ದಳು. ಕಳ್ಳಿ! ಹಾಗಾದರೆ ನನ್ನ ಅಂಗೈಗೆ ಒಂದು ಸಾರು, ಪಾತ್ರೆಗೆ ಇನ್ನೊಂದು. ಮೈಯೆಲ್ಲ ಉರಿಯಿತು. ಏನು ಆಡಬೇಕೆಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಜೋಡಿಸಿಕೊಳ್ಳುತ್ತಿರುವಾಗ ಬಾಗಿಲಲ್ಲಿ ರುಬೀನಾ ನಿಂತಿದ್ದಳು. ಆರು ತಿಂಗಳ ಅಳತೆ. ನನ್ನ ಮಂಡಿಯನ್ನು ನೋಡಿ ಕನಿಕರಿಸಿ, ಅವಳೇ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದಿದ್ದಳು.

ಚಿತ್ರ ಒತ್ತಿದೆ. ಕಪ್ಪು ಕುಡಿದೆ. ಈ ಸಲ ಸಿಹಿಗೆ 'ಇಷ್ಟವಿಲ್ಲ' ಅಂತ ಹಾಕಿದ ಗುರುತು ನಿಜವಾದದ್ದು. ರುಬೀನಾ ಹಳೆಯ ಪೇಪರನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದಳು.

"ಆಂಟಿ, ಬೇಜಾರು ಮಾಡ್ಕೋಬೇಡಿ. ಪೇಪರ್ ಪ್ರಕಾರ ನಿಮಗೆ ಆಗಲೂ ಸ್ವೀಟ್ ಇಷ್ಟ ಇಲ್ಲ, ಈಗಲೂ ಇಲ್ಲ. ಏನೂ ಚೇಂಜ್ ಆಗಿಲ್ಲ. ಆದರೆ ಆವತ್ತು ತಟ್ಟೆಯಲ್ಲಿ ಒಂದೇ ಒಂದು ಮೈಸೂರು ಪಾಕೂ ಉಳಿದಿರಲಿಲ್ಲ."

ಅರವತ್ತಾರು ವರ್ಷದವಳು ಮೂವತ್ತು ವರ್ಷದವಳ ಮುಂದೆ ತಲೆ ತಗ್ಗಿಸಿದೆ. "ಆವತ್ತು ಸುಳ್ಳು ಬರೆದೆ ಕಣಮ್ಮ. ಐ ವಾಸ್ ಅಶೇಮ್ಡ್."

"ಅರೆ, ಪರವಾಗಿಲ್ಲ ಆಂಟಿ! ಎಲ್ಲರೂ ಬರೀತಾರೆ. ಅದಕ್ಕೇ ತಕ್ಕಡಿ ತರೋದು," ಅಂದು ನಕ್ಕಳು. ಆಮೇಲೆ ಉಪ್ಪಿನ ಗೆರೆಗಳ ಮೇಲೆ ಬೆರಳಿಟ್ಟಳು. "ಆದರೆ ಇದು ನೋಡಿ. ಆವತ್ತು ನಾಲ್ಕನೇ ಕಪ್ಪು ಸರಿಯಾಗಿದೆ ಅಂದಿದ್ರಿ. ಇವತ್ತು ಎರಡನೇದಕ್ಕೇ ಮುಖ ಕಿವುಚಿದ್ರಿ. ಕಪ್ಪು ಅವೇ, ಉಪ್ಪು ಅಷ್ಟೇ."

ನಾನು ಆ ಎರಡು ಗುರುತುಗಳನ್ನು ನೋಡುತ್ತಾ ಕೂತೆ. ಮಧ್ಯೆ ನಾಲ್ಕು ಬೆರಳು ಅಂತರ. ಅಕ್ಕ ಯಾವತ್ತಿನಷ್ಟೇ ಹಾಕಿದ್ದಳು. ಬ್ಯಾಂಕಿನವರ ಸಾರನ್ನು ಸಪ್ಪೆ ಮಾಡಿದ್ದು, ಕಾಲೇಜಿನ ಮೇಷ್ಟರ ಕ್ಯಾರಿಯರನ್ನು ನಿಲ್ಲಿಸಿದ್ದು ನನ್ನ ನಾಲಿಗೆ.

ರುಬೀನಾ ಅಡುಗೆಮನೆಯ ಕಡೆ ತಿರುಗಿದಳು. "ಅಮ್ಮಾ, ನೀವೂ ಸ್ವಲ್ಪ ಬನ್ನಿ. ಇದೇ ಮನೆ ಊಟ ಮಾಡೋರು, ಆಪರೇಶನ್ ಆಗದೇ ಇರೋರು ಒಬ್ಬರು ಬೇಕು. ಬರೀ ಕಂಪೇರ್ ಮಾಡೋಕೆ."

"ನಂಗ್ಯಾಕವ್ವ? ಕೆಲ್ಸ ಐತೆ. ಅರಕೆ ಬೇರೆ ಐತೆ."

"ಹರಕೆ ಒಲೆ ಮೇಲಿನದಕ್ಕೆ ತಾನೇ?" ಅಂದೆ ನಾನು. "ಇದು ಬರೀ ನೀರು." ಹಾಗೆ ಅವಳನ್ನು ಸಿಕ್ಕಿಸಿದವಳು ನಾನೇ.

ಅಕ್ಕ ಕೂತಳು. ಒಂದೊಂದೇ ಕಪ್ಪನ್ನು ಎತ್ತಿ, ಔಷಧಿ ಕುಡಿಯುವ ಹಾಗೆ ಕುಡಿದು, ಪೆನ್ಸಿಲ್ ಹಿಡಿದು ಗುರುತು ಹಾಕಿದಳು. ಐದು ಸಿಹಿಗೂ ಗೆರೆಯ ಸರೀ ನಡುವೆ. ಐದು ಉಪ್ಪಿಗೂ ಗೆರೆಯ ಸರೀ ನಡುವೆ. ಸ್ಕೇಲ್ ಇಟ್ಟು ಎಳೆದ ಹಾಗೆ ಹತ್ತೂ ಗುರುತುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಕೊನೆಯ ಉಪ್ಪಿನ ಕಪ್ಪು, ನಾನು ಮೂಸಿದ್ದಕ್ಕೇ ಹಿಂದೆ ಸರಿದದ್ದು, ಅವಳು ಬಾವಿ ನೀರಿನ ಹಾಗೆ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ರುಬೀನಾ ನನ್ನನ್ನು ನೋಡಿದಳು. ಏನೋ ಅರ್ಥವಾಗಿ, "ಒಂದು ಫೋನ್ ಮಾಡಿ ಬರ್ತೀನಿ," ಅಂತ ಎದ್ದು ಜಗಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ. ಆ ಹುಡುಗಿಗೆ ಒಳ್ಳೆಯದಾಗಲಿ.

"ಅಕ್ಕ, ಯಾವ ದೇವರ ಹರಕೆ ಅದು?"

"ಯಾವ್ ದ್ಯಾವ್ರೂ ಇಲ್ಲ, ಯಾವ್ ಅರಕೇನೂ ಇಲ್ಲ. ಆ ಜರ ಓಗಾಗ ನನ್ ನಾಲ್ಗೆನೂ ತಕಂಡೋಯ್ತು. ಇವತ್ ಬತ್ತದೆ, ನಾಳೆ ಬತ್ತದೆ ಅಂತ ಕಾದೆ. ಬರ್ನಿಲ್ಲ. ಅಡ್ಗೆಯೋಳ್ಗೆ ರುಚಿ ಗೊತ್ತಾಗಾಕಿಲ್ಲ ಅಂದ್ರೆ ಯಾರವ್ವ ಉಣ್ತಾರೆ?"

"ನನಗಾದರೂ ಹೇಳಬಾರದಿತ್ತಾ?"

"ನೀನು ಒಟ್ಟೆ ಕುಯ್ಸ್ಕಂಡು ಅರ್ನಿಯಾ ಅರ್ನಿಯಾ ಅಂತ ಸಾರ್ಕಂಡ್ ಬರ್ನಿಲ್ವಾ?"

"ಮತ್ತೆ ಇವತ್ತು ನನಗೆ ಗೊತ್ತಾಗದ ಹಾಗೆ ಉಪ್ಪು ಹಾಕುತ್ತಿದ್ದೆಯಲ್ಲ?"

"ಕ್ಯಾರಿಯರ್ ವಾಪಸ್ ಬಂದ್ವಲ್ಲ. ಕೆಟ್ಟಿರಾದು ನನ್ ಕೈ ಅಲ್ಲ, ನಿನ್ ನಾಲ್ಗೆ ಅಂತ ಗೊತ್ತಾಯ್ತು. ಏಳ್ದ್ರೆ ಎದ್ರುಕತೀಯ. ಅದ್ಕೇ ಅಂದಾಜ್ನಾಗೆ ಆಕ್ತಿದ್ದೆ."

"ನನ್ನ ನಾಲಿಗೆ ಕೆಟ್ಟಿದೆ ಅಂತ ಗೊತ್ತಿದ್ದ ಮೇಲೆ ದಿನಾ ಯಾಕೆ ಕರೀತಿದ್ದೆ, ಉಪ್ಪು ನೋಡು ಅಂತ?"

ಅಕ್ಕ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು.

"ನೀ ಏನೂ ತಿಂತಿರ್ನಿಲ್ವಲ್ಲೇ. ಅಂಗಾದ್ರೂ ಒಂದ್ ತೊಟ್ಟು ಒಳಿಕ್ ಓಯ್ತದಲ್ಲ ಅಂತ."

ಕ್ಷಮಿಸು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದವರಲ್ಲ. ನಾನು ಎದ್ದು ಹೋಗಿ ಒಂದು ಬಟ್ಟಲು ಅಂಬಲಿ ತಂದು ಅವಳೆದುರಿಗೆ ಕೂತು ಪೂರ್ತಿ ಕುಡಿದೆ. ಇಪ್ಪತ್ತು ನಿಮಿಷವಾಯಿತು. ಅವಳು ಕೂತು ನೋಡಿದಳು.

ಆಮೇಲೆ ನಾವು ನಮ್ಮದೇ ಒಂದು ಅಳತೆ ಮಾಡಿಕೊಂಡೆವು. ವರ್ಷದ ಅಳತೆಗೆ ಬಂದಾಗ ರುಬೀನಾ ತನ್ನ ಸ್ವಂತದ್ದೊಂದು ಹಳೆಯ ತಕ್ಕಡಿಯನ್ನು ಬಿಟ್ಟುಹೋದಳು. ಉಪ್ಪನ್ನು ಅದರಲ್ಲಿ ತೂಗಿ ಹಾಕುವುದು, ಆಮೇಲೆ ನನ್ನ ಅಂಗೈಗೆ ಒಂದು ತೊಟ್ಟು. "ನಿಂಗೆ ಉಪ್ಪಾಯ್ತಾ?" ಅನ್ನುತ್ತಿದ್ದಳು ಅಕ್ಕ. "ಆಯ್ತು," ಅಂದರೆ, "ಎಷ್ಟು?" "ಮುಖ ಕಿವುಚೋಷ್ಟು." "ಅಂಗಾರೆ ಸರಿ," ಅಂತ ಕ್ಯಾರಿಯರಿಗೆ ಹಾಕುತ್ತಿದ್ದಳು. ನಾನು ಸರಿ ಅಂದ ದಿನ ಮಾತ್ರ ಇನ್ನಷ್ಟು ಉಪ್ಪು ಬೀಳುತ್ತಿತ್ತು. ಹೋದ ಕ್ಯಾರಿಯರುಗಳಲ್ಲಿ ಎರಡು ವಾಪಸ್ ಬಂದವು. ಮೇಷ್ಟರು ಬರಲಿಲ್ಲ, ಅವರು ಬೇರೆ ಕಡೆ ಗೊತ್ತುಮಾಡಿಕೊಂಡಿದ್ದರು.

ಈಗ ನನ್ನ ತೂಕ ಇಳಿದು ಒಂದು ಕಡೆ ನಿಂತಿದೆ. ಒಂದು ಮಂಡಿಯ ಆಪರೇಶನ್ ಆಗಿದೆ. ಮೈಸೂರು ಪಾಕನ್ನು ಬೇಕರಿಯ ಗಾಜಿನಾಚೆ ನೋಡಿದರೆ ಏನೂ ಅನ್ನಿಸುವುದಿಲ್ಲ. ಅದು ಸಿಗದಿದ್ದಕ್ಕೆ ದುಃಖವಿಲ್ಲ, ಬೇಕು ಅನ್ನಿಸದಿದ್ದಕ್ಕೆ ಒಂದೊಂದು ಸಲ ದುಃಖವಾಗುತ್ತದೆ. ಕೆ.ಆರ್. ಪೇಟೆಯ ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ನಿಮಗೆ ಈ ಆಪರೇಶನ್ ಆಗಿದ್ದು, ಮನೆಯ ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಅನ್ನಿಸಿದರೆ, ಒಂದೇ ಒಂದು ದಿನ ತಡೆದು, ಪಕ್ಕದವರಿಗೆ ಅದೇ ತಟ್ಟೆಯಿಂದ ಒಂದು ತುತ್ತು ಕೊಟ್ಟು ಕೇಳಿ. ನಾನು ಕೇಳಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅಕ್ಕ ನಾಗಮಂಗಲದ ಮಗಳ ಮನೆಗೆ ಹೊರಟಳು. ಮೊಮ್ಮಗಳಿಗೆ ಹೆರಿಗೆಯಾಗಿತ್ತು, ಹತ್ತು ದಿನ ಇದ್ದು ಬರುತ್ತೇನೆ ಅಂದಳು. ಆರನೆಯ ದಿನ ಮಗಳ ಫೋನ್ ಬಂತು. ಮಲಗಿದ್ದ ಹಾಗೆಯೇ ಹೋಗಿದ್ದಳು. ನಾನೂ ಹೋದೆ. ಅಲ್ಲಿ ಹೂವಿನ ನಡುವೆ ಕಂಡ ಮುಖ ನನ್ನನ್ನು ಕಾನ್ವೆಂಟು ಅನ್ನಲಿಲ್ಲ. ಅದನ್ನು ನಾನು ಅವಳನ್ನು ನೋಡಿದ್ದು ಅಂತ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವಳು ಇದ್ದಕ್ಕಿದ್ದ ಹಾಗೆ ಮಡಿಲಿನಲ್ಲಿದ್ದ ಕ್ಯಾರಿಯರಿನ ಕೊಂಡಿ ತೆಗೆದಳು. ಮಗಳ ಮನೆಗೆ ಅಂತ ಮಾಡಿಕೊಂಡಿದ್ದ ಹುಣಸೆ ಗೊಜ್ಜು. ಗಡಿಬಿಡಿಯಲ್ಲಿ ನನಗೆ ತೋರಿಸಿರಲಿಲ್ಲ.

"ಏ ಕಾನ್ವೆಂಟು, ಕೈ ಕೊಡು ಇಲ್ಲಿ."

ಕಂಡಕ್ಟರು ವಿಸಲ್ ಹಾಕಿದ. ನಾನು ಕಿಟಕಿಗೆ ಕೈ ಚಾಚಿದೆ. ಅವಳು ಬೆರಳ ತುದಿಯಿಂದ ಒಂದು ತೊಟ್ಟನ್ನು ನನ್ನ ಅಂಗೈಗೆ ಒರೆಸಿದಳು. ನೆಕ್ಕಿದೆ. ಹುಳಿ, ಖಾರ, ಎಲ್ಲದರ ಮೇಲೆ ಉಪ್ಪು. ಕಣ್ಣಲ್ಲಿ ನೀರು ಬಂತು.

"ನನಗೆ ತುಂಬಾ ಉಪ್ಪಾಯ್ತು ಅಕ್ಕ."

"ಅಂಗಾರೆ ಸರಿಯಾಗೈತೆ ಬುಡು," ಅಂದಳು. ಮುಚ್ಚಳ ಹಾಕಿ, ಕೊಂಡಿ ಒತ್ತಿದಳು. ಬಸ್ಸು ಹೊರಟಿತು.